ಓದುಗರ ಪ್ರಶ್ನೆ: ಯಾವ ಕೆಲಸಕ್ಕೆ ಮೊಬೈಲು, ಯಾವ ಕೆಲಸಕ್ಕೆ ನೋಟ್‌ಬುಕ್ಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಪರದೆಯ ಮೇಲಿನ ಪಾಠ, ಅಚ್ಚಿನ ಪುಸ್ತಕ, ಕೈಬರಹದ ಟಿಪ್ಪಣಿ ಎಲ್ಲವೂ ಕೈಗೆಟುಕುವ ಈ ದಿನಗಳಲ್ಲಿ ವಿದ್ಯಾರ್ಥಿಯು ಯಾವುದನ್ನು ಎಷ್ಟು ನೆಚ್ಚಿಕೊಳ್ಳಬೇಕು ಎಂದು ಬೇರೆ ಬೇರೆ ಊರುಗಳ ಓದುಗರು ಕೇಳಿದ್ದಾರೆ. ಐದು ಪತ್ರಗಳನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿದ್ದೇನೆ. ಮನೆಯಲ್ಲಿರುವುದು ಒಂದೇ ಸ್ಮಾರ್ಟ್‌ಫೋನ್. ಸಂಜೆ ಅಣ್ಣ ಕೆಲಸದಿಂದ ಬಂದ ಮೇಲೆ ಅದು ನನಗೆ ಸಿಗುತ್ತದೆ. ಯೂಟ್ಯೂಬ್‌ನಲ್ಲಿ ಪಾಠ ನೋಡುವಾಗ ಎಲ್ಲವೂ ಚೆನ್ನಾಗಿ ಅರ್ಥವಾಗುತ್ತದೆ, ಆದರೆ ಕಿರುಪರೀಕ್ಷೆಯಲ್ಲಿ ಬರೆಯಲು ಕುಳಿತರೆ ಎರಡು ಸಾಲಿನಾಚೆ ಪೆನ್ನು ಓಡುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ಮೊಬೈಲ್ ಮುಟ್ಟಲೇಬೇಡ ಎಂದು ನಮ್ಮ ಉಪನ್ಯಾಸಕರು ಹೇಳುತ್ತಾರೆ. ಕಳೆದ ವರ್ಷ ಸಿಇಟಿ ಬರೆದ ಪಕ್ಕದ ಮನೆಯ ಅಕ್ಕ, ನೋಟ್ಸ್ ಬರೆಯುತ್ತ ಕೂತರೆ ಸಮಯ ಹಾಳು, ವಿಡಿಯೊ ನೋಡಿ ಆ್ಯಪ್‌ನಲ್ಲಿ ಟೆಸ್ಟ್ ಕೊಡುತ್ತ ಹೋಗು ಎನ್ನುತ್ತಾಳೆ. ಇಬ್ಬರಲ್ಲಿ ಯಾರ ಮಾತು ಕೇಳಲಿ?
— ವಿದ್ಯಾರ್ಥಿನಿ, ಹಿರಿಯೂರು

ಉತ್ತರ: ಇಬ್ಬರ ಮಾತಿನಲ್ಲೂ ಅನುಭವವಿದೆ, ಆದರೆ ಇಬ್ಬರೂ ನಿಮ್ಮ ಪತ್ರದಲ್ಲಿರುವ ಮುಖ್ಯವಾದ ವಾಕ್ಯವನ್ನು ಗಮನಿಸಿಲ್ಲ. ನೋಡುವಾಗ ಅರ್ಥವಾಗುತ್ತದೆ, ಬರೆಯುವಾಗ ಬರುವುದಿಲ್ಲ ಎಂದಿದ್ದೀರಿ. ತೊಂದರೆ ಇರುವುದು ಮೊಬೈಲಿನಲ್ಲೂ ಅಲ್ಲ, ನೋಟ್‌ಬುಕ್ಕಿನಲ್ಲೂ ಅಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವ ನಡುವಿನ ಹೆಜ್ಜೆ ನಿಮ್ಮ ಓದಿನಲ್ಲಿ ಬಿಟ್ಟುಹೋಗಿದೆ. ರಂಗೋಲಿ ಹಾಕುವುದನ್ನು ಎಷ್ಟು ಸಲ ನೋಡಿದರೂ ಚುಕ್ಕಿಯ ಲೆಕ್ಕ ಕೈಗೆ ಬರುವುದು ನಾವೇ ಅಂಗಳದಲ್ಲಿ ಕುಳಿತು ಎಳೆ ಎಳೆದಾಗ ಮಾತ್ರ.

ಇದು ನಿಮಗೊಬ್ಬರಿಗೇ ಆಗುವ ಅನುಭವವಲ್ಲ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಅವರು ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಕೊಟ್ಟು ಒಂದು ಪ್ರಯೋಗ ಮಾಡಿದರು. ಕೆಲವರು ಅದನ್ನು ಮತ್ತೆ ಓದಿದರು. ಇನ್ನು ಕೆಲವರು ಹಾಳೆಯನ್ನು ಬದಿಗಿಟ್ಟು ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಆದರೆ ಎರಡು ದಿನ ಕಳೆದ ಮೇಲೆ ಮತ್ತು ಒಂದು ವಾರ ಕಳೆದ ಮೇಲೆ ಕೇಳಿದಾಗ, ನೆನಪಿನಿಂದ ಬರೆದವರು ಸ್ಪಷ್ಟವಾಗಿ ಮುಂದೆ ಬಂದರು. ವಿಡಿಯೊ ಮುಗಿದ ಕ್ಷಣದಲ್ಲಿ ನಿಮಗೆ ಉಂಟಾಗುವ 'ಅರ್ಥವಾಯಿತು' ಎಂಬ ಭಾವವು ಆ ಐದು ನಿಮಿಷದ ಫಲಿತಾಂಶವಿದ್ದಂತೆ. ಅದು ಸುಳ್ಳಲ್ಲ, ಆದರೆ ಪರೀಕ್ಷೆಯ ದಿನದವರೆಗೆ ಉಳಿಯುತ್ತದೆ ಎಂಬುದಕ್ಕೆ ಅದರಿಂದ ಯಾವ ಭರವಸೆಯೂ ಸಿಗುವುದಿಲ್ಲ.

ಆದ್ದರಿಂದ ಮೊದಲು ಮಾಡಬೇಕಾದ ಬದಲಾವಣೆ ಇಷ್ಟು. ವಿಡಿಯೊವನ್ನು ಮುಕ್ಕಾಲು ಗಂಟೆ ಒಂದೇ ಓಟದಲ್ಲಿ ನೋಡಬೇಡಿ. ಒಂದು ಪರಿಕಲ್ಪನೆ ಮುಗಿದ ಕೂಡಲೇ, ಅದು ಎಂಟು ನಿಮಿಷಕ್ಕೆ ಮುಗಿದರೂ ಸರಿಯೇ, ನಿಲ್ಲಿಸಿ ಫೋನನ್ನು ಬೋರಲು ಹಾಕಿ. ರಫ್ ನೋಟಿನಲ್ಲಿ ಚಿತ್ರ, ಸೂತ್ರ, ಎರಡು ಮೂರು ವಾಕ್ಯಗಳ ವಿವರಣೆಯನ್ನು ನಿಮ್ಮ ನೆನಪಿನಿಂದಲೇ ಬರೆಯಿರಿ. ಎಲ್ಲಿ ಪೆನ್ನು ನಿಂತಿತೋ ಅಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಆ ಬಳಿಕವೇ ಪಠ್ಯಪುಸ್ತಕವನ್ನು ತೆರೆದು ಆ ಚಿಹ್ನೆಗಳನ್ನು ಒಂದೊಂದಾಗಿ ತೀರಿಸಿಕೊಳ್ಳಿ. ಮೊದಲ ವಾರ ಇದು ಬಹಳ ನಿಧಾನವೆನಿಸುತ್ತದೆ, ಬೇಸರವೂ ಆಗುತ್ತದೆ. ಆ ನಿಧಾನದಲ್ಲಿಯೇ ಕಲಿಕೆ ನಡೆಯುತ್ತಿರುತ್ತದೆ ಎಂಬ ನಂಬಿಕೆಯಿಂದ ಅದನ್ನು ದಾಟಿ.

ಇನ್ನು ಯಾವ ಪಾಠಕ್ಕೆ ಪರದೆ, ಯಾವುದಕ್ಕೆ ಹಾಳೆ ಎಂಬ ವಿಚಾರ. ಚಲನೆಯಿರುವುದನ್ನೂ ಮೂರು ಆಯಾಮದಲ್ಲಿ ಕಾಣಬೇಕಾದುದನ್ನೂ ಪರದೆಯಷ್ಟು ಚೆನ್ನಾಗಿ ಯಾವ ಕಪ್ಪುಹಲಗೆಯೂ ತೋರಿಸಲಾರದು. ಸುರುಳಿಯೊಳಗೆ ಆಯಸ್ಕಾಂತವನ್ನು ತಂದಾಗ ಗ್ಯಾಲ್ವನೊಮೀಟರಿನ ಮುಳ್ಳು ಯಾವ ಕಡೆಗೆ ವಾಲುತ್ತದೆ, ಹೊರಗೆಳೆದಾಗ ಏಕೆ ತಿರುಗಿಬೀಳುತ್ತದೆ ಎಂಬುದನ್ನು ಪುಸ್ತಕದ ನಿಶ್ಚಲ ಚಿತ್ರದಿಂದ ಊಹಿಸಿಕೊಳ್ಳುವುದು ಕಷ್ಟ. ಡಿಎನ್‌ಎ ದ್ವಿಗುಣಗೊಳ್ಳುವಾಗ ಎರಡು ಎಳೆಗಳು ಬಿಚ್ಚಿಕೊಳ್ಳುವ ರೀತಿ, ಸಾವಯವ ರಸಾಯನಶಾಸ್ತ್ರದಲ್ಲಿ ಎಸ್‌ಎನ್2 ಕ್ರಿಯೆ ನಡೆಯುವಾಗ ಅಣುವಿನ ವಿನ್ಯಾಸ ಮಗುಚಿಕೊಳ್ಳುವ ರೀತಿ, ಇವೂ ಅಂಥವೇ. ಇವುಗಳಿಗಾಗಿ ಮೊಬೈಲನ್ನು ನಿಸ್ಸಂಕೋಚವಾಗಿ ಬಳಸಿ. ನಿಮ್ಮ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿರುವ ಕ್ಯೂಆರ್ ಕೋಡ್‌ಗಳ ಮೂಲಕವೂ ಇಂತಹ ಕೆಲವು ಸಾಮಗ್ರಿಗಳು ಸಿಗುತ್ತವೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯವು 2002ರಿಂದ ರೂಪಿಸುತ್ತ ಬಂದಿರುವ 'ಫೆಟ್' ಎಂಬ ಡಿಜಿಟಲ್ ಪ್ರಯೋಗ ಮಾದರಿಗಳಲ್ಲಿ ಆಯಸ್ಕಾಂತವನ್ನು ನೀವೇ ಬೆರಳಿನಿಂದ ಸರಿಸಬಹುದು, ಅವು ಉಚಿತ.

ಆದರೆ ಮಸೂರ ತಯಾರಕರ ಸೂತ್ರವನ್ನು ನಿಷ್ಪನ್ನಗೊಳಿಸುವುದು, ವ್ಹೀಟ್‌ಸ್ಟೋನ್ ಸೇತುವೆಯ ಸಮತೋಲನದ ಷರತ್ತನ್ನು ಸಾಧಿಸುವುದು, ಹೂಬಿಡುವ ಸಸ್ಯದ ಭ್ರೂಣಕೋಶವನ್ನು ಬರೆದು ಏಳು ಕೋಶಗಳನ್ನೂ ಎಂಟು ಕೋಶಕೇಂದ್ರಗಳನ್ನೂ ಗುರುತಿಸುವುದು ಇವೆಲ್ಲ ಹಾಳೆಯ ಕೆಲಸ. ಇವನ್ನು ಎಷ್ಟು ಸ್ಪಷ್ಟವಾದ ವಿಡಿಯೊದಲ್ಲಿ ನೋಡಿದರೂ, ಪುಸ್ತಕ ಮುಚ್ಚಿ ಮೂರು ನಾಲ್ಕು ಸಲ ಸ್ವತಃ ಬರೆಯದೆ ಕೈಗೆ ಕೂರುವುದಿಲ್ಲ. ಚಿಹ್ನೆಗಳ ಧನ ಋಣದಲ್ಲಿ ತಪ್ಪುವುದು, ಕಿರಣಕ್ಕೆ ಬಾಣದ ಗುರುತು ಹಾಕಲು ಮರೆಯುವುದು, ಏಕಮಾನ ಬಿಡುವುದು ಇವೆಲ್ಲ ಕಣ್ಣಿಗೆ ಕಾಣಿಸಿಕೊಳ್ಳುವುದೂ ಆಗಲೇ.

ನೋಟ್ಸ್ ಬರೆಯುವುದು ಸಮಯ ಹಾಳು ಎಂಬ ಮಾತಿಗೆ ಬರೋಣ. 2014ರಲ್ಲಿ ಪಾಮ್ ಮ್ಯೂಲರ್ ಮತ್ತು ಡೇನಿಯಲ್ ಆಪನ್‌ಹೈಮರ್ ಪ್ರಕಟಿಸಿದ ಸಂಶೋಧನೆಯೊಂದು, ಲ್ಯಾಪ್‌ಟಾಪ್‌ನಲ್ಲಿ ಟೈಪು ಮಾಡಿದವರಿಗಿಂತ ಕೈಯಲ್ಲಿ ಬರೆದುಕೊಂಡವರು ಪರಿಕಲ್ಪನೆಯ ಪ್ರಶ್ನೆಗಳಿಗೆ ಉತ್ತಮವಾಗಿ ಉತ್ತರಿಸಿದರು ಎಂದು ಹೇಳಿ ಬಹಳ ಪ್ರಸಿದ್ಧವಾಯಿತು. ಕೈಬರಹದ ಪರವಾಗಿ ಮಾತನಾಡುವವರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ. ಆದರೆ 2019 ಮತ್ತು 2021ರಲ್ಲಿ ಬೇರೆ ತಂಡಗಳು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ವ್ಯತ್ಯಾಸವು ಅಷ್ಟು ದೃಢವಾಗಿ ಕಾಣಿಸಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಮೂಲ ಸಂಶೋಧಕರು ಗುರುತಿಸಿದ ಒಂದು ಅಂಶ ಮಾತ್ರ ನಿಮಗೆ ಉಪಯುಕ್ತ: ಟೈಪು ಮಾಡುವವರು ಕೇಳಿದ್ದನ್ನು ಕೇಳಿದ ಹಾಗೆಯೇ ಇಳಿಸಿಕೊಳ್ಳುತ್ತ ಹೋಗಿದ್ದರು. ಪೆನ್ನಿಗೆ ತಾನಾಗಿಯೇ ಯಾವ ವಿಶೇಷ ಶಕ್ತಿಯೂ ಇಲ್ಲ. ಬೋರ್ಡಿನ ಮೇಲಿರುವುದನ್ನೋ ಗೈಡಿನಲ್ಲಿರುವುದನ್ನೋ ಅಕ್ಷರಕ್ಕೆ ಅಕ್ಷರ ನಕಲು ಮಾಡಿ, ಬಣ್ಣಬಣ್ಣದ ಸ್ಕೆಚ್ ಪೆನ್ನಿನಲ್ಲಿ ಅಡಿಗೆರೆ ಎಳೆದು ಸಿದ್ಧಪಡಿಸುವ ಸುಂದರ ನೋಟ್ಸ್ ಬಗ್ಗೆ ನಿಮ್ಮ ಅಕ್ಕ ಹೇಳಿದ್ದು ನಿಜವೇ. ಸ್ವಂತ ಮಾತಿನಲ್ಲಿ, ಚಿಕ್ಕದಾಗಿ, ನೆನಪಿನಿಂದ ಬರೆದ ಒಂದು ಪುಟಕ್ಕೆ ಆ ಮಾತು ಅನ್ವಯಿಸುವುದಿಲ್ಲ.

ಅವರ ಸಲಹೆಯ ಇನ್ನರ್ಧವನ್ನೂ ತೂಗಿ ನೋಡಬೇಕು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆಗಳು, 80 ನಿಮಿಷ. ಓಎಂಆರ್ ಹಾಳೆಯಲ್ಲಿ ವೃತ್ತ ತುಂಬಬೇಕು. ವೇಗ ಹೆಚ್ಚಿಸಿಕೊಳ್ಳಲು ಆ್ಯಪ್‌ನ ಪರೀಕ್ಷೆಗಳು ನೆರವಾಗುತ್ತವೆ, ತಪ್ಪು ಎಲ್ಲಿ ಎಂದು ಕೂಡಲೇ ತಿಳಿಯುವುದು ದೊಡ್ಡ ಅನುಕೂಲ. ಬೋರ್ಡ್ ಪರೀಕ್ಷೆಯಲ್ಲಾದರೋ ನೀವು ಉತ್ತರವನ್ನು ಆರಿಸುವುದಿಲ್ಲ, ಕಟ್ಟುತ್ತೀರಿ. ಎರಡಕ್ಕೂ ಬೇಕಾದ ತಯಾರಿ ಬೇರೆ ಬೇರೆ. ಆ್ಯಪ್‌ನಲ್ಲಿ ಟೆಸ್ಟ್ ಕೊಡುವಾಗಲೂ ಪಕ್ಕದಲ್ಲಿ ಹಾಳೆಯಿಟ್ಟು ಲೆಕ್ಕವನ್ನು ಪೂರ್ಣವಾಗಿ ಬಿಡಿಸಿ, ತಪ್ಪಾದ ಪ್ರಶ್ನೆಗಳಿಗೆ ಒಂದು ಪ್ರತ್ಯೇಕ ಪುಸ್ತಕ ಇಟ್ಟುಕೊಳ್ಳಿ. ಆ್ಯಪ್ ನಿಮ್ಮ ಅಂಕವನ್ನು ನೆನಪಿಟ್ಟುಕೊಳ್ಳುತ್ತದೆ. ತಪ್ಪಾದ ಕಾರಣವನ್ನು ಬರೆದಿಡಬೇಕಾದವರು ನೀವೇ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ತನ್ನ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳನ್ನು ಹಾಕುತ್ತದೆ. ಅವುಗಳಲ್ಲಿ ಎರಡು ಮೂರನ್ನಾದರೂ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿಕೊಂಡು, ಪರೀಕ್ಷೆಯ ಅವಧಿಯಷ್ಟೇ ಗಡಿಯಾರ ಇಟ್ಟುಕೊಂಡು ಬರೆಯಿರಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಡಿಜಿಟಲ್ ಸಾಧನಗಳಿಂದ ಸಿಗುವ ಒಂದು ದೊಡ್ಡ ಉಪಕಾರವನ್ನು ಯಾರೂ ಹೇಳಿಕೊಡುವುದಿಲ್ಲ. ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಓದಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕವು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತದೆ. ಎರಡರಲ್ಲೂ ಪಾಠ ಅದೇ, ಚಿತ್ರ ಅದೇ, ಉದಾಹರಣೆ ಅದೇ. ದ್ವಿತೀಯ ಪಿಯುಸಿಯ ಕಿರಣ ದೃಗ್ವಿಜ್ಞಾನಕ್ಕೆ ಕೈಹಾಕುವ ಮೊದಲು, ನಿಮಗೆ ಕನ್ನಡದಲ್ಲಿ ಈಗಾಗಲೇ ಗೊತ್ತಿರುವ ಬೆಳಕಿನ ಪಾಠವನ್ನು ಇಂಗ್ಲಿಷ್ ಆವೃತ್ತಿಯ ಜೊತೆಗಿಟ್ಟು ಓದಿ. ಹಳೆಯ ಕನ್ನಡ ಪುಸ್ತಕ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು, ಫೋನಿನಲ್ಲಿ ಇಂಗ್ಲಿಷ್ ಪುಟ, ಮಡಿಲಲ್ಲಿ ಕನ್ನಡ ಪುಟ. ವಕ್ರೀಭವನ, ಸಂಗಮದೂರ, ಮಿಥ್ಯ ಪ್ರತಿಬಿಂಬ ಇವುಗಳಿಗೆ ನಿಮ್ಮ ತಲೆಯಲ್ಲಿ ಅರ್ಥ ಇದ್ದೇ ಇದೆ, ಅದಕ್ಕೊಂದು ಹೊಸ ಹೆಸರು ಅಂಟಿಕೊಳ್ಳಬೇಕು ಅಷ್ಟೇ. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಡಕ್ಕೆ ಇಂಗ್ಲಿಷ್ ಪದ, ನಡುವೆ ಕನ್ನಡ ಪದ, ಬಲಕ್ಕೆ ಆ ಪದವನ್ನು ಬಳಸಿದ ಒಂದು ಪೂರ್ಣ ಇಂಗ್ಲಿಷ್ ವಾಕ್ಯ ಬರೆಯುತ್ತ ಹೋಗಿ. ಸಾಮಾನ್ಯ ಪದಗಳಿಗೆ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 2016ರಲ್ಲಿ ಆರಂಭಿಸಿದ 'ಭಾರತವಾಣಿ' ಜಾಲತಾಣದಲ್ಲಿ ನಿಘಂಟುಗಳಿವೆ. ಪರೀಕ್ಷೆಯಲ್ಲಿ ನಿಮ್ಮ ಪೆನ್ನು ನಿಲ್ಲುವುದಕ್ಕೆ ವಿಜ್ಞಾನ ಬಾರದಿರುವುದು ಎಷ್ಟು ಕಾರಣವೋ ಇಂಗ್ಲಿಷ್ ವಾಕ್ಯ ಹೊಳೆಯದಿರುವುದೂ ಅಷ್ಟೇ ಕಾರಣವಾಗಿರಬಹುದು ಎಂದು ನಿಮ್ಮ ಪತ್ರದ ಧಾಟಿಯಿಂದ ನನಗನಿಸುತ್ತದೆ. ಹಾಗಿದ್ದರೆ ಎದೆಗುಂದಬೇಡಿ, ಅದು ಬುದ್ಧಿಯ ಕೊರತೆಯಲ್ಲ, ಕೆಲವು ತಿಂಗಳ ಅಭ್ಯಾಸದಿಂದ ತುಂಬುವಂಥದು.

ಫೋನು ಸಂಜೆ ಮಾತ್ರ ಸಿಗುತ್ತದೆ ಎಂಬುದನ್ನು ನೀವು ಕೊರತೆಯೆಂದು ಬರೆದಿದ್ದೀರಿ. ನಾನಾದರೆ ಅದನ್ನು ಅನುಕೂಲವೆಂದೇ ಎಣಿಸುತ್ತೇನೆ. ಹಗಲಿನಲ್ಲಿ ಪುಸ್ತಕದಿಂದ ಓದುವಾಗ ಎಲ್ಲಿ ಸಿಕ್ಕಿಕೊಂಡಿರಿ ಎಂಬುದನ್ನು ರಫ್ ನೋಟಿನ ಕೊನೆಯ ಪುಟದಲ್ಲಿ ಪಟ್ಟಿ ಮಾಡಿ. ಸಂಜೆ ಫೋನು ಕೈಗೆ ಬಂದಾಗ ಆ ಪಟ್ಟಿಯನ್ನು ಮುಂದಿಟ್ಟುಕೊಂಡೇ ತೆರೆಯಿರಿ, ಪಟ್ಟಿ ಮುಗಿದ ಮೇಲೆ ಅಣ್ಣನಿಗೆ ಹಿಂದಿರುಗಿಸಿ. ಹುಡುಕುವುದು ಏನೆಂದು ತಿಳಿದು ತೆರೆದವರಿಗೆ ಅದು ಒಳ್ಳೆಯ ಮೇಷ್ಟರು. ಸುಮ್ಮನೆ ತೆರೆದವರ ಗಂಟೆಗಳು ಎಲ್ಲಿ ಹೋದವೆಂದೇ ತಿಳಿಯುವುದಿಲ್ಲ. ನಿಮ್ಮ ಉಪನ್ಯಾಸಕರು ಹೆದರುತ್ತಿರುವುದು ಇದಕ್ಕೇ, ಅವರ ಕಾಳಜಿಯನ್ನು ಗೌರವಿಸಿ.

ಪ್ರಶ್ನೆ: ಮಗಳು ಎಂಟನೆಯ ತರಗತಿ. ಆನ್‌ಲೈನ್ ತರಗತಿಗಳ ಕಾಲದಲ್ಲಿ ಮನೆಗೆ ತಂದ ಟ್ಯಾಬ್ಲೆಟ್ ಈಗ ಅವಳ ಕೈಯಲ್ಲೇ ಇರುತ್ತದೆ. ಶಾಲೆಯ ಟಿಪ್ಪಣಿಗಳೂ ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಆಗಿ ಬರುತ್ತವೆ. ಬರವಣಿಗೆ ತೀರಾ ನಿಧಾನವಾಗಿದೆ, ಒತ್ತಕ್ಷರಗಳು ತಪ್ಪುತ್ತವೆ. ಟ್ಯಾಬ್ಲೆಟ್ ಕಸಿದುಕೊಂಡರೆ ಹಿಂದುಳಿದಾಳೇ ಎಂಬ ಭಯವೂ ಇದೆ.
— ಒಬ್ಬ ತಂದೆ, ತರೀಕೆರೆ

ಉತ್ತರ: ಕಸಿದುಕೊಳ್ಳುವ ಅಗತ್ಯವಿಲ್ಲ, ಆದರೆ ಪಾಠವನ್ನು ಓದಲು ಅದನ್ನು ಬಳಸುವುದನ್ನು ಕಡಿಮೆ ಮಾಡಿಸಿ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯು, ಅದಕ್ಕೂ ಹಿಂದಿನ ಹದಿನೇಳು ಹದಿನೆಂಟು ವರ್ಷಗಳಲ್ಲಿ ನಡೆದ 54 ಅಧ್ಯಯನಗಳನ್ನು ಒಟ್ಟುಗೂಡಿಸಿ, 1,70,000ಕ್ಕೂ ಹೆಚ್ಚು ಓದುಗರ ಫಲಿತಾಂಶಗಳನ್ನು ಪರಿಶೀಲಿಸಿತು. ಕಥೆಯಂತಹ ಬರಹವನ್ನು ಓದುವಾಗ ಪರದೆಗೂ ಕಾಗದಕ್ಕೂ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ಆದರೆ ಮಾಹಿತಿ ತುಂಬಿದ ಬರಹವನ್ನು, ಅದರಲ್ಲೂ ಸಮಯದ ಮಿತಿಯಲ್ಲಿ ಓದುವಾಗ, ಕಾಗದದಲ್ಲಿ ಓದಿದವರ ಗ್ರಹಿಕೆ ಉತ್ತಮವಾಗಿತ್ತು. ವರ್ಷಗಳು ಕಳೆದಂತೆ, ಅಂದರೆ ಜನರಿಗೆ ಪರದೆ ಹೆಚ್ಚು ಬಳಕೆಯಾದಂತೆ, ಈ ಅಂತರ ಕುಗ್ಗಬೇಕಿತ್ತು ಎಂದು ನಮಗನಿಸುತ್ತದೆ. ಸಮೀಕ್ಷೆಯಲ್ಲಿ ಅದು ಹೆಚ್ಚಾಗಿತ್ತು. ಸಮಾಜ ವಿಜ್ಞಾನ ಮತ್ತು ವಿಜ್ಞಾನದ ಪಾಠಗಳು ಮಾಹಿತಿ ತುಂಬಿದ ಬರಹಗಳೇ ಆದ್ದರಿಂದ ಅವನ್ನು ಅಚ್ಚಿನ ಪುಸ್ತಕದಲ್ಲಿಯೇ ಓದಲಿ. ಕಥೆ ಪುಸ್ತಕವನ್ನು ಟ್ಯಾಬ್ಲೆಟ್‌ನಲ್ಲಿ ಓದುತ್ತಿದ್ದರೆ ತಡೆಯಬೇಡಿ.

ಶಾಲೆಯ ಪಿಡಿಎಫ್ ಟಿಪ್ಪಣಿಯನ್ನು ಪ್ರಿಂಟ್ ಮಾಡಿಸಿ ಕೊಡುವುದಕ್ಕಿಂತ, ಅದನ್ನು ನೋಡಿಕೊಂಡು ಪ್ರತಿ ಪಾಠಕ್ಕೆ ಐದಾರು ಪ್ರಶ್ನೆಗಳನ್ನು ಅವಳೇ ತಯಾರಿಸಿ ನೋಟ್‌ಬುಕ್ಕಿನಲ್ಲಿ ಬರೆಯಲಿ, ಮರುದಿನ ಆ ಪ್ರಶ್ನೆಗಳಿಗೆ ಟಿಪ್ಪಣಿ ನೋಡದೆ ಉತ್ತರ ಬರೆಯಲಿ. ಇದರಲ್ಲಿ ಓದೂ ಬರಹವೂ ಒಟ್ಟಿಗೆ ಸಾಗುತ್ತವೆ.

ಒತ್ತಕ್ಷರದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಫೋನಿನ ಕೀಲಿಮಣೆ ಎರಡು ಅಕ್ಷರ ಒತ್ತುವಷ್ಟರಲ್ಲಿ ಇಡೀ ಪದವನ್ನು ಮುಂದಿಡುತ್ತದೆ, ಮಗು ಅದನ್ನು ಗುರುತಿಸಿ ಆರಿಸಿಕೊಳ್ಳುತ್ತದೆ. 'ಸ್ವಾತಂತ್ರ್ಯ' ಎಂಬ ಪದವನ್ನು ಗುರುತಿಸಬಲ್ಲ ಮಗುವಿಗೆ ಅದನ್ನು ಕೈಯಾರೆ ಬರೆಯಲು ಬಂದೇ ಬರುತ್ತದೆ ಎನ್ನಲಾಗದು. ಇದಕ್ಕೆ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಉಕ್ತಲೇಖನಕ್ಕಿಂತ ಒಳ್ಳೆಯ ಮದ್ದು ನನಗೆ ಕಂಡಿಲ್ಲ. ರಾತ್ರಿ ಊಟಕ್ಕೆ ಮೊದಲು ಹತ್ತು ನಿಮಿಷ, ದಿನಪತ್ರಿಕೆಯ ಒಂದು ಪ್ಯಾರಾವನ್ನು ನೀವು ಓದಿ, ಅವಳು ಬರೆಯಲಿ. ತಿದ್ದುವುದನ್ನೂ ಅವಳೇ ಪತ್ರಿಕೆ ನೋಡಿ ಮಾಡಲಿ. ಮನೆಯಲ್ಲಿ ಹಿರಿಯರಿದ್ದರೆ ಈ ಕೆಲಸವನ್ನು ಅವರಿಗೆ ವಹಿಸಿ, ಇಬ್ಬರಿಗೂ ಸಂತೋಷವಾಗುತ್ತದೆ. ನಮ್ಮ ಪೂರ್ವಿಕರು ಹುಣಸೆಬೀಜದ ಅಂಟು ಮತ್ತು ಇದ್ದಿಲನ್ನು ಬಳಿದು ಗಟ್ಟಿ ಮಾಡಿದ ಬಟ್ಟೆಯ ಕಡತಗಳ ಮೇಲೆ ಬಳಪದಿಂದ ಬರೆದು, ಒರೆಸಿ, ಮತ್ತೆ ಬರೆಯುತ್ತಿದ್ದರು. ಸ್ಲೇಟಿನಲ್ಲಿಯೂ ಅದೇ ಸೌಲಭ್ಯವಿತ್ತು. ತಪ್ಪಿದರೆ ಒರೆಸಬಹುದು ಎಂಬ ಧೈರ್ಯ ಬರೆಯುವ ಮಗುವಿಗೆ ಬೇಕು. ಆದ್ದರಿಂದ ಉಕ್ತಲೇಖನಕ್ಕೆ ಅಂಕ ಕೊಡಬೇಡಿ, ಕೆಂಪು ಶಾಯಿ ಬಳಸಬೇಡಿ.

ಟ್ಯಾಬ್ಲೆಟ್ ಹಾಗಾದರೆ ಯಾವುದಕ್ಕೆ? ಜಿಯೋಜೀಬ್ರಾದಂತಹ ಉಚಿತ ತಂತ್ರಾಂಶದಲ್ಲಿ ಚತುರ್ಭುಜದ ಒಂದು ಮೂಲೆಯನ್ನು ಹಿಡಿದೆಳೆದಾಗ ನಾಲ್ಕೂ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 360 ಡಿಗ್ರಿಯಲ್ಲೇ ನಿಲ್ಲುತ್ತದೆ. ಇದನ್ನು ಕಂಡ ಮಗು ಆ ಪ್ರಮೇಯವನ್ನು ಸುಲಭಕ್ಕೆ ಮರೆಯುವುದಿಲ್ಲ. ನಂತರ ಕೈವಾರ, ಕೋನಮಾಪಕ ಹಿಡಿದು ಹಾಳೆಯ ಮೇಲೆ ರಚಿಸಲಿ. ಸ್ಟೆಲೇರಿಯಂ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ನಿಮ್ಮೂರಿನ ಇಂದಿನ ಆಕಾಶವನ್ನು ನೋಡಿಕೊಂಡು, ಟ್ಯಾಬ್ಲೆಟ್ ಒಳಗಿಟ್ಟು ತಾರಸಿಗೆ ಹೋಗಿ ಮೃಗಶಿರವನ್ನೋ ಸಪ್ತರ್ಷಿ ಮಂಡಲವನ್ನೋ ಹುಡುಕಿ. ಬೆಂಗಳೂರಿನವರಿಗೆ ಈ ಭಾಗ್ಯವಿಲ್ಲ, ನಿಮ್ಮಲ್ಲಿ ಆಕಾಶ ಇನ್ನೂ ಕಪ್ಪಾಗಿದೆ.

ಪ್ರಶ್ನೆ: ಧಾರವಾಡದಲ್ಲಿ ರೂಮು ಮಾಡಿಕೊಂಡು ಕೆಪಿಎಸ್‌ಸಿ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಟೆಲಿಗ್ರಾಂ ಗುಂಪುಗಳಿಂದ ಇಳಿಸಿಕೊಂಡ ಪಿಡಿಎಫ್‌ಗಳು ನೂರಾರು ಇವೆ. ಜೊತೆಯವರು ಆಂಕಿ ಎಂಬ ಆ್ಯಪ್ ಬಳಸಿ ನೆನಪಿಟ್ಟುಕೊಳ್ಳುತ್ತಾರೆ. ನಾನು ಇನ್ನೂ ರಟ್ಟಿನ ಚೀಟಿಗಳಲ್ಲಿ ಬರೆದುಕೊಳ್ಳುತ್ತೇನೆ. ಬದಲಾಯಿಸಿಕೊಳ್ಳಬೇಕೇ?
— ಅಭ್ಯರ್ಥಿ, ಧಾರವಾಡ

ಉತ್ತರ: ನೀವು ಹಳೆಯದೆಂದು ಹಿಂಜರಿಯುತ್ತಿರುವ ಚೀಟಿಗಳೂ ಅವರ ಆ್ಯಪೂ ಒಂದೇ ತತ್ವದ ಮೇಲೆ ನಿಂತಿವೆ. ಕಲಿತದ್ದು ಮೊದಲ ಕೆಲವು ಗಂಟೆ, ದಿನಗಳಲ್ಲಿ ವೇಗವಾಗಿ ಮರೆತುಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ ತನ್ನ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ್ದ. ಮರೆಯುವ ಅಂಚಿನಲ್ಲಿ ಮತ್ತೆ ನೆನಪಿಸಿಕೊಂಡರೆ ಅದು ಹೆಚ್ಚು ಕಾಲ ನಿಲ್ಲುತ್ತದೆ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದಕ್ಕೆ ರಟ್ಟಿನ ಡಬ್ಬಿಯ ವಿಧಾನವನ್ನು ಹೇಳಿಕೊಟ್ಟ. ಡಬ್ಬಿಯಲ್ಲಿ ಐದು ಖಾನೆಗಳು. ಸರಿಯುತ್ತರ ಹೇಳಿದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ. ಮೊದಲ ಖಾನೆಯನ್ನು ದಿನವೂ ನೋಡಬೇಕು, ಮುಂದಿನವನ್ನು ಅಂತರ ಹೆಚ್ಚಿಸುತ್ತ ನೋಡಿದರೆ ಸಾಕು. 2006ರಲ್ಲಿ ಬಂದ ಆಂಕಿ ಈ ಅಂತರದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ.

ಚೀಟಿಗಳು ಇನ್ನೂರು ಮುನ್ನೂರು ಇರುವವರೆಗೆ ಡಬ್ಬಿಯೇ ಸಾಕು, ಸಾವಿರ ದಾಟಿದರೆ ಆ್ಯಪ್ ಬೇಕಾಗುತ್ತದೆ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಅದು ಉಚಿತ, ಐಫೋನಿನಲ್ಲಿ ಹಣ ಕೊಡಬೇಕು. ಕನ್ನಡದಲ್ಲಿ ಕಾರ್ಡು ಮಾಡುವಾಗ ಯೂನಿಕೋಡ್‌ನಲ್ಲಿಯೇ ಟೈಪಿಸಿ; 'ನುಡಿ' ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿರುವ ಟಿಪ್ಪಣಿಯನ್ನು ನೇರವಾಗಿ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಮೂಡುತ್ತವೆ, ಮೊದಲು ಪರಿವರ್ತಿಸಿಕೊಳ್ಳಬೇಕು. ಬೇರೆಯವರು ತಯಾರಿಸಿ ಹಂಚುವ ಕಾರ್ಡುಗಳನ್ನು ಮಾತ್ರ ನಂಬಿ ಕೂರಬೇಡಿ. ಯಾವ ಅಂಶ ಮುಖ್ಯ, ಅದನ್ನು ಹೇಗೆ ಪ್ರಶ್ನೆಯಾಗಿಸಬೇಕು ಎಂದು ಯೋಚಿಸುವುದರಲ್ಲಿಯೇ ಅರ್ಧ ಕಲಿತಿರುತ್ತೀರಿ.

ಎಲ್ಲವನ್ನೂ ಕಾರ್ಡಿಗೆ ಇಳಿಸಲಾಗದು ಎಂಬ ಎಚ್ಚರವೂ ಇರಲಿ. ಐಹೊಳೆ ಶಾಸನದ ಕಾಲ 634, ಬರೆದವನು ರವಿಕೀರ್ತಿ, ಇಮ್ಮಡಿ ಪುಲಕೇಶಿಯ ಕಾಲದ್ದು ಎಂಬ ಮೂರು ಅಂಶಗಳು ಮೂರು ಕಾರ್ಡುಗಳಾಗುತ್ತವೆ. ಬಾದಾಮಿ ಚಾಲುಕ್ಯರಿಗೂ ಪಲ್ಲವರಿಗೂ ಏಕೆ ಅಷ್ಟು ದೀರ್ಘ ಹಗೆತನವಿತ್ತು ಎಂಬುದು ಕಾರ್ಡಿಗೆ ಹೊಂದುವುದಿಲ್ಲ. ಅದನ್ನು ವಿವರಿಸಿ ಬರೆಯಲು ಕಲಿಯಬೇಕು; ಗೆಜೆಟೆಡ್ ಪ್ರೊಬೇಷನರ್ ಹುದ್ದೆಯ ಮುಖ್ಯ ಪರೀಕ್ಷೆಯಲ್ಲಿ ಕೇಳುವುದು ಅಂತಹ ಉತ್ತರಗಳನ್ನೇ. ಕೃಷ್ಣೆ, ಕಾವೇರಿಗಳ ಉಪನದಿಗಳನ್ನು ಕಾರ್ಡಿನಲ್ಲಿ ಉರು ಹೊಡೆಯುವ ಬದಲು ಖಾಲಿ ನಕಾಶೆಯ ಮೇಲೆ ವಾರಕ್ಕೊಮ್ಮೆ ಕೈಯಲ್ಲಿ ಗುರುತಿಸಿ; ಯಾವ ನದಿಯ ಎಡಕ್ಕೆ ಯಾವುದು ಸೇರುತ್ತದೆ ಎಂಬುದು ಹೀಗೆ ಮಾಡಿದಾಗ ಉಳಿಯುತ್ತದೆ.

ಪಿಡಿಎಫ್‌ಗಳ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಒಂದು ವಿಷಯಕ್ಕೆ ಒಂದು ಮೂಲ ಪುಸ್ತಕವನ್ನು, ಅದೂ ಸಾಧ್ಯವಾದರೆ ಅಚ್ಚಿನದನ್ನು, ಇಟ್ಟುಕೊಂಡು ಉಳಿದ ಕಡತಗಳನ್ನು ಇಂದೇ ಅಳಿಸಿಬಿಡಿ. ಇಳಿಸಿಕೊಂಡರೆ ಓದಿದಂತೆಯೇ ಎಂಬ ಭ್ರಮೆಯನ್ನು ಆ ಗುಂಪುಗಳು ಬೆಳೆಸುತ್ತವೆ. ಮನೆಯವರು ಕಳಿಸುವ ದುಡ್ಡಿನಲ್ಲಿ ರೂಮಿನ ಬಾಡಿಗೆ ಕಟ್ಟಿ ಓದುತ್ತಿರುವವರ ಕಾಲ ಅಂತಹ ಭ್ರಮೆಯಲ್ಲಿ ಕಳೆದುಹೋಗಬಾರದು.

ಪ್ರಶ್ನೆ: ಘಟ್ಟದ ಅಂಚಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್‌ಗಳಿವೆ, ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲ. ನಮ್ಮ ಮಕ್ಕಳು ಏನು ಮಾಡಬೇಕು?
— ಶಿಕ್ಷಕಿ, ಉತ್ತರ ಕನ್ನಡ ಜಿಲ್ಲೆ

ಉತ್ತರ: 2017ರಲ್ಲಿ ಆರಂಭವಾದ, ಶಾಲಾ ಪಾಠಗಳ ಡಿಜಿಟಲ್ ವೇದಿಕೆಯಾದ ದೀಕ್ಷಾದ ಆ್ಯಪ್‌ನಲ್ಲಿ ಪಾಠದ ಸಾಮಗ್ರಿಯನ್ನು ಮೊದಲೇ ಇಳಿಸಿಕೊಂಡು, ಆಮೇಲೆ ಇಂಟರ್‌ನೆಟ್ ಇಲ್ಲದೆಯೂ ತೋರಿಸಬಹುದು. ನೀವು ಪೇಟೆಗೆ ಹೋದಾಗ ಮುಂದಿನ ಹದಿನೈದು ದಿನಗಳ ಪಾಠಗಳನ್ನು ಒಟ್ಟಿಗೆ ಇಳಿಸಿಟ್ಟುಕೊಳ್ಳಿ. ಮೇಲೆ ಹೇಳಿದ ಫೆಟ್ ಮಾದರಿಗಳನ್ನೂ ಇಳಿಸಿಕೊಂಡು ಹೀಗೆಯೇ ಬಳಸಬಹುದು. ಕೋವಿಡ್ ಕಾಲದಲ್ಲಿ ದೂರದರ್ಶನ ಚಂದನದಲ್ಲಿ ಪ್ರಸಾರವಾದ 'ಸಂವೇದ' ಪಾಠಗಳು ಯೂಟ್ಯೂಬ್‌ನಲ್ಲಿವೆ, ಕನ್ನಡದಲ್ಲಿ ಸಿಗುವ ಶಾಲಾ ಪಾಠಗಳ ಪೈಕಿ ಅವು ನಂಬಿ ಬಳಸಬಹುದಾದಂಥವು.

ತೋರಿಸುವ ಕ್ರಮ ಮಾತ್ರ ಬಹಳ ಮುಖ್ಯ. ಮೊದಲು ಕಪ್ಪುಹಲಗೆಯ ಮೇಲೆ ಪ್ರಶ್ನೆ ಬರೆಯಿರಿ: ಸರಣಿಯಲ್ಲಿ ಜೋಡಿಸಿದ ಎರಡು ಬಲ್ಬುಗಳಲ್ಲಿ ಒಂದನ್ನು ತೆಗೆದರೆ ಇನ್ನೊಂದಕ್ಕೆ ಏನಾಗುತ್ತದೆ? ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಕಾರಣಸಹಿತ ನೋಟ್‌ಬುಕ್ಕಿನಲ್ಲಿ ಬರೆಯಲಿ. ಅನಂತರ ಮೊಬೈಲಿನಲ್ಲೋ ಪ್ರೊಜೆಕ್ಟರಿನಲ್ಲೋ ತೋರಿಸಿ. ಎರಡು ಬಲ್ಬು, ಒಂದು ಬ್ಯಾಟರಿ, ಒಂದಿಷ್ಟು ತಂತಿ ಸಿಕ್ಕರೆ ಅದನ್ನೇ ಮಾಡಿ ತೋರಿಸಿ, ಪರದೆಯೇ ಬೇಡ. ಊಹೆ ತಪ್ಪಾದ ಮಗು ತನ್ನ ಬರಹದ ಕೆಳಗೆ ಸರಿಯಾದ ಕಾರಣವನ್ನು ಬರೆದುಕೊಳ್ಳಲಿ. ನಲವತ್ತು ಮಕ್ಕಳ ಮುಂದೆ ಒಂದೇ ಫೋನು ಇದ್ದರೂ ಈ ಕ್ರಮದಲ್ಲಿ ನಲವತ್ತೂ ಮಕ್ಕಳು ಯೋಚಿಸಿರುತ್ತಾರೆ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರವೆಂದು ಕರೆಯುವುದು, ಕಂಪ್ಯೂಟರ್ ಮತ್ತು ಸಂಪರ್ಕ ಪಡೆದಿದ್ದರೆ ಶನಿವಾರದ ಅರ್ಧ ದಿನದ ಶಾಲೆ ಮುಗಿದ ಮೇಲೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ.

ಪ್ರಶ್ನೆ: ಬಿಎಸ್‌ಸಿ ಎರಡನೆಯ ವರ್ಷದಲ್ಲಿದ್ದೇನೆ. ಯಾವ ಲೆಕ್ಕ ಕೊಟ್ಟರೂ ಚಾಟ್‌ಜಿಪಿಟಿಯಂತಹ ಸಾಧನಗಳು ಕ್ಷಣದಲ್ಲಿ ಬಿಡಿಸುತ್ತವೆ. ಇವನ್ನು ಬಳಸಿ ಕಲಿಯುವುದು ತಪ್ಪೇ?
— ವಿದ್ಯಾರ್ಥಿ, ಮಂಡ್ಯ

ಉತ್ತರ: ಕಲಿಯಲು ಬಳಸಿದರೆ ತಪ್ಪಲ್ಲ, ಕಲಿಯುವ ಬದಲು ಬಳಸಿದರೆ ನಷ್ಟ ನಿಮ್ಮದೇ. ಮೊದಲು ಹಾಳೆಯ ಮೇಲೆ ಇಪ್ಪತ್ತು ನಿಮಿಷವಾದರೂ ಸ್ವತಃ ಹೆಣಗಿ. ಆ ಮೇಲೂ ದಾರಿ ಕಾಣದಿದ್ದರೆ ಉತ್ತರ ಕೇಳಬೇಡಿ, ಮುಂದಿನ ಒಂದು ಸುಳಿವನ್ನು ಮಾತ್ರ ಕೇಳಿ. ಬಿಡಿಸಿದ್ದಾದರೆ ನಿಮ್ಮ ಹಂತಗಳನ್ನು ಕೊಟ್ಟು ತಪ್ಪಿದ್ದರೆ ತೋರಿಸಲು ಹೇಳಿ. ಅವು ಆತ್ಮವಿಶ್ವಾಸದಿಂದಲೇ ತಪ್ಪು ಹೇಳುತ್ತವೆ, ಇಲ್ಲದ ಪುಸ್ತಕಗಳ ಹೆಸರನ್ನೂ ಕೊಡುತ್ತವೆ. ಕನ್ನಡದಲ್ಲಿ ಕೇಳಿದಾಗ ಪಾರಿಭಾಷಿಕ ಪದಗಳಲ್ಲಿ ಎಡವುವುದೂ ಉಂಟು. ಆದ್ದರಿಂದ ಪ್ರತಿಯೊಂದು ಉತ್ತರವನ್ನೂ ಪಠ್ಯಪುಸ್ತಕದೊಂದಿಗೆ ತಾಳೆ ನೋಡಿ. ಸಾಧನ ಮುಚ್ಚಿದ ಮೇಲೆ ಅದೇ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಬಿಡಿಸಲು ಬಂದರೆ ಮಾತ್ರ ಅದು ನಿಮ್ಮದಾಯಿತೆಂದು ತಿಳಿಯಿರಿ.

ಪ್ರಯೋಗಶಾಲೆಯ ರೀಡಿಂಗ್‌ಗಳನ್ನು ಮಾತ್ರ ಯಾವ ಸಾಧನಕ್ಕೂ ಒಪ್ಪಿಸಬೇಡಿ. ಅವನ್ನು ಆ ಕ್ಷಣದಲ್ಲಿಯೇ ಅಬ್ಸರ್ವೇಷನ್ ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆಯಿರಿ, ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಿರಿ. ಗ್ರಾಫನ್ನು ಮೊದಲು ಗ್ರಾಫ್ ಹಾಳೆಯಲ್ಲಿ ಎಳೆದು ಇಳಿಜಾರನ್ನು ಕಂಡುಹಿಡಿಯಿರಿ, ಆಮೇಲೆ ಅದೇ ಅಂಕಿಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ತುಂಬಿ ಎರಡು ಉತ್ತರಗಳನ್ನೂ ಹೋಲಿಸಿ. ಅಂತರ ಹೆಚ್ಚಿದ್ದರೆ ಯಾವ ಬಿಂದು ಗೆರೆಯಿಂದ ದೂರ ಸರಿದಿದೆ ಎಂದು ನೋಡಿ, ಸಾಧ್ಯವಾದರೆ ಆ ರೀಡಿಂಗನ್ನು ಮುಂದಿನ ಪ್ರಾಕ್ಟಿಕಲ್ ತರಗತಿಯಲ್ಲಿ ಮತ್ತೊಮ್ಮೆ ತೆಗೆದುಕೊಳ್ಳಿ.